ಸ್ವಂತ ವ್ಯಾಪಾರದವರಿಗೆ ಕೆಲಸ ಮುಗಿಯುವುದೇ ಇಲ್ಲ, ಯಾಕೆ?

ಸ್ವಂತ ವ್ಯಾಪಾರ ಶುರು ಮಾಡುವವರು ಹತ್ತು ಕಾರಣ ಹೇಳಿದರೂ ಅದರಲ್ಲಿ ಒಂದು ಇದ್ದೇ ಇರುತ್ತದೆ: ಯಾರ ಕೈಕೆಳಗೂ ಇರಬೇಕಾಗಿಲ್ಲ, ನಮ್ಮ ಸಮಯ ನಮ್ಮ ಕೈಲಿರುತ್ತದೆ. ಒಂದೆರಡು ವರ್ಷ ಕಳೆದ ಮೇಲೆ ಅವರನ್ನೇ ಕೇಳಿ ನೋಡಿ. ಎದ್ದ ಕೂಡಲೇ ಫೋನು, ಮಲಗುವ ಮುಂಚೆ ಲೆಕ್ಕ, ರಜೆಯ ದಿನ ಬಂದರೆ ವಾರವಿಡೀ ಬಾಕಿ ಉಳಿದ ಕೆಲಸ. ನೌಕರಿಯಲ್ಲಿದ್ದಾಗ ಯಾರಾದರೂ ಇಷ್ಟು ದುಡಿಸಿಕೊಂಡಿದ್ದರೆ ಎರಡು ಮಾತು ಬೈದು ರಾಜೀನಾಮೆ ಕೊಟ್ಟು ಬರುತ್ತಿದ್ದರು. ಈಗ ಮಾಲೀಕರು ತಾವೇ. ಬೈಯುವುದು ಯಾರನ್ನು?

ಇಂಥವರಿಗೆ ಪುಕ್ಕಟೆಯಾಗಿ ಸಿಗುವ ಸಲಹೆ ಒಂದೇ ಥರದ್ದು. ಬೇಗ ಏಳಿ, ಪಟ್ಟಿ ಮಾಡಿ, ಫೋನಿಗೆ ಇನ್ನೊಂದು ಆ್ಯಪ್ ಹಾಕಿಕೊಳ್ಳಿ. ಇದರಿಂದ ದಿನದಲ್ಲಿ ಅರ್ಧ ಗಂಟೆ ಉಳಿಯಬಹುದು. ಆ ಅರ್ಧ ಗಂಟೆಯನ್ನೂ ವ್ಯಾಪಾರವೇ ನುಂಗುತ್ತದೆ. ಯಾಕೆಂದರೆ ಸಣ್ಣ ವ್ಯಾಪಾರದ ಲೆಕ್ಕಪುಸ್ತಕದಲ್ಲಿ ಬಾಡಿಗೆಗೆ ಒಂದು ಸಾಲು ಇರುತ್ತದೆ, ಕರೆಂಟಿಗೆ ಇರುತ್ತದೆ, ಕೆಲಸದವರ ಸಂಬಳಕ್ಕೆ ಇರುತ್ತದೆ. ಮಾಲೀಕರ ಗಂಟೆಗೆ ಮಾತ್ರ ಸಾಲೇ ಇರುವುದಿಲ್ಲ. ಬೆಲೆ ಇಲ್ಲದ್ದನ್ನು ಯಾರೂ ಕೈ ಹಿಡಿದು ಖರ್ಚು ಮಾಡುವುದಿಲ್ಲ, ಅಲ್ವಾ?

ಎಲ್ಲಿ ಯಾವ ಕೊರತೆ ಬಿದ್ದರೂ ಅದನ್ನು ತುಂಬುವುದು ಈ ಪುಕ್ಕಟೆ ಗಂಟೆ. ಕೆಲಸದವರು ಬರಲಿಲ್ಲವಾ, ಮಾಲೀಕರು ನಿಲ್ಲುತ್ತಾರೆ. ಗಿರಾಕಿಗೆ ಕಡಿಮೆ ದರ ಒಪ್ಪಿಕೊಂಡಾಯಿತಾ, ರಾತ್ರಿ ಎರಡು ಗಂಟೆ ಜಾಸ್ತಿ ಕೂತು ಸರಿದೂಗಿಸುತ್ತಾರೆ. ಪುಸ್ತಕದಲ್ಲಿ ಏನೂ ಕಾಣುವುದಿಲ್ಲ. ಲಾಭ ಹಾಗೇ ಇದೆ ಅನ್ನಿಸುತ್ತದೆ.

ಕಾನೂನು ಎಣಿಸದ ಗಂಟೆಗಳು

ದುಡಿಮೆಯ ಗಂಟೆಗೆ ಮಿತಿ ಹಾಕುವ ಮಾತು ಹೊಸದೇನಲ್ಲ. ಎಂಟು ಗಂಟೆ ದುಡಿಮೆ, ಎಂಟು ಗಂಟೆ ಮನರಂಜನೆ, ಎಂಟು ಗಂಟೆ ವಿಶ್ರಾಂತಿ ಎಂಬ ಘೋಷಣೆಯನ್ನು 1817ರಲ್ಲಿ ಬ್ರಿಟನ್ನಿನ ಗಿರಣಿ ಮಾಲೀಕ ರಾಬರ್ಟ್ ಓವನ್ ಕೊಟ್ಟರು ಎನ್ನುತ್ತಾರೆ. ನೂರು ವರ್ಷದ ನಂತರ, 1919ರಲ್ಲಿ, ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಹುಟ್ಟಿತು. ಅದರ ಮೊಟ್ಟಮೊದಲ ಒಪ್ಪಂದವೇ ಈ ವಿಷಯದ್ದು: ಕಾರ್ಖಾನೆಯಂಥ ಕಡೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಮೀರಿ ದುಡಿಸಬಾರದು.

ಆ ಒಪ್ಪಂದದ ಎರಡನೇ ಕಲಮು ಓದಿದರೆ ನಮ್ಮ ವಿಷಯ ಅಲ್ಲೇ ಸಿಗುತ್ತದೆ. ಒಂದೇ ಮನೆಯವರು ಮಾತ್ರ ದುಡಿಯುವ ಉದ್ಯಮಕ್ಕೆ ಈ ಮಿತಿ ಅನ್ವಯಿಸುವುದಿಲ್ಲ. ಮೇಲ್ವಿಚಾರಣೆ, ಆಡಳಿತ ನೋಡಿಕೊಳ್ಳುವವರಿಗೂ ಅನ್ವಯಿಸುವುದಿಲ್ಲ. ಅಂದರೆ ಮಾಲೀಕರು ಮತ್ತು ಅವರ ಮನೆಯವರು ಮೊದಲ ದಿನದಿಂದಲೇ ಲೆಕ್ಕದಿಂದ ಹೊರಗೆ. ಇದಕ್ಕೊಂದು ನ್ಯಾಯವೂ ಇದೆ. ಕಾನೂನು ಬಂದದ್ದು ಒಬ್ಬರು ಇನ್ನೊಬ್ಬರನ್ನು ಹಿಂಡದಂತೆ ತಡೆಯೋಕೆ. ತಮ್ಮನ್ನು ತಾವೇ ಹಿಂಡಿಕೊಳ್ಳುವವರನ್ನು ತಡೆಯುವುದು ಹೇಗೆ?

ಇದಕ್ಕೆ ಅಪವಾದವೂ ಇದೆ. ಯುರೋಪಿಯನ್ ಒಕ್ಕೂಟದಲ್ಲಿ ಲಾರಿ, ಬಸ್ ಚಾಲಕರ ಕೆಲಸದ ಗಂಟೆಯ ನಿಯಮವನ್ನು 2009ರಿಂದ ಸ್ವಂತ ಗಾಡಿ ಇಟ್ಟುಕೊಂಡು ದುಡಿಯುವ ಚಾಲಕರಿಗೂ ಹಾಕಿದ್ದಾರೆ. ಸುಸ್ತಾದ ಚಾಲಕ ತಾನೊಬ್ಬನೇ ಸಾಯುವುದಿಲ್ಲ, ರಸ್ತೆಯಲ್ಲಿರುವವರನ್ನೂ ಸಾಯಿಸುತ್ತಾನೆ. ಅಲ್ಲಿ ಮಾಲೀಕರ ಸುಸ್ತು ಸಾರ್ವಜನಿಕ ವಿಷಯವಾಗುತ್ತದೆ. ಉಳಿದ ವ್ಯಾಪಾರಗಳಲ್ಲಿ ಅದು ಮನೆಯೊಳಗಿನ ವಿಷಯವಾಗಿಯೇ ಉಳಿಯುತ್ತದೆ.

ಒಂದು ಗಂಟೆಯ ಬೆಲೆ

ಹಾಗಾದರೆ ಆ ಗಂಟೆಗೆ ನಾವೇ ಬೆಲೆ ಕಟ್ಟೋಣ. ಒಬ್ಬ ಮಾಲೀಕರು ತಿಂಗಳಿಗೆ 300 ಗಂಟೆ ದುಡಿಯುತ್ತಾರೆ ಅಂದುಕೊಳ್ಳಿ. ವಾರಕ್ಕೆ ಸುಮಾರು 70 ಗಂಟೆ. ಎಲ್ಲ ಖರ್ಚು ಕಳೆದು ಕೈಗೆ ಉಳಿಯುವುದು 30,000. ಯಾವ ದೇಶದ ದುಡ್ಡಾದರೂ ಇರಲಿ, ಲೆಕ್ಕ ಒಂದೇ. ಗಂಟೆಗೆ 100 ಬಿತ್ತು. ಈಗ ಅವರ ಸಹಾಯಕನಿಗೆ ಗಂಟೆಗೆ 110 ಕೊಡುತ್ತಿದ್ದಾರೆ ಅಂತ ಇಟ್ಟುಕೊಳ್ಳಿ. ಆ ಜಾಗದಲ್ಲಿ ಅತ್ಯಂತ ಅಗ್ಗದ ಕೆಲಸಗಾರ ಯಾರು? ಮಾಲೀಕರೇ. ಅವರು ಲಾಭ ಎಂದು ಕರೆಯುವುದು ಅವರದೇ ಕೂಲಿ. ಬಂಡವಾಳಕ್ಕೆ, ತಲೆಬಿಸಿಗೆ, ನಷ್ಟದ ಭಯಕ್ಕೆ ಏನೂ ಉಳಿದಿಲ್ಲ.

ಇದು ಬರೀ ಊಹೆಯ ಲೆಕ್ಕವಲ್ಲ. ಅರ್ಥಶಾಸ್ತ್ರಜ್ಞ ಬಾರ್ಟನ್ ಹ್ಯಾಮಿಲ್ಟನ್ ಅಮೆರಿಕದ ಅಂಕಿಅಂಶ ಹಿಡಿದು 2000ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಹತ್ತು ವರ್ಷ ಸ್ವಂತ ಉದ್ಯೋಗ ಮಾಡಿದವರ ಸಾಲಿನಲ್ಲಿ ನಟ್ಟನಡುವೆ ನಿಲ್ಲುವ ವ್ಯಕ್ತಿಯ ಗಳಿಕೆ, ಅಷ್ಟೇ ವರ್ಷ ನೌಕರಿ ಮಾಡಿದ್ದರೆ ಸಿಗುತ್ತಿದ್ದ ಸಂಬಳಕ್ಕಿಂತ 35 ಶೇಕಡಾ ಕಡಿಮೆ ಇತ್ತು. ಆದರೂ ಜನ ವ್ಯಾಪಾರ ಬಿಡುವುದಿಲ್ಲ. ತಮ್ಮ ಕೆಲಸವನ್ನು ತಾವೇ ತೀರ್ಮಾನಿಸುವ ಸ್ವಾತಂತ್ರ್ಯಕ್ಕೆ ಜನ ದುಡ್ಡು ಬಿಟ್ಟುಕೊಡೋಕೂ ತಯಾರಿರುತ್ತಾರೆ. ಇದು ಮೂರ್ಖತನ ಅಂತ ನನಗೆ ಅನ್ನಿಸುವುದಿಲ್ಲ. ಸ್ವಾತಂತ್ರ್ಯವೂ ಒಂದು ಸಂಬಳವೇ. ಆದರೆ ವಾರಕ್ಕೆ 70 ಗಂಟೆ ಕಟ್ಟಿಹಾಕಿಕೊಂಡವರಿಗೆ ಆ ಸಂಬಳವೂ ಕೈಗೆ ಸಿಗುತ್ತಿಲ್ಲ, ನೋಡಿ.

ಮೇಲಿನ ಲೆಕ್ಕವನ್ನು ಇನ್ನೊಂದು ಹೆಜ್ಜೆ ಮುಂದೆ ಒಯ್ಯೋಣ. ಅದೇ ಮಾಲೀಕರು ತಿಂಗಳಿಗೆ 60 ಗಂಟೆಯ ಕೆಲಸವನ್ನು ಸಹಾಯಕನಿಗೆ ಕೊಟ್ಟರು. ಖರ್ಚು 6,600. ಕೈಗೆ ಉಳಿಯುವುದು 23,400, ದುಡಿಮೆ 240 ಗಂಟೆ. ಗಂಟೆಗೆ 97.50 ಬಂತು. ಅಂದರೆ ಗಂಟೆಯ ಗಳಿಕೆ ಹೆಚ್ಚುಕಮ್ಮಿ ಮೊದಲಿನಷ್ಟೇ ಇದೆ, ವಾರಕ್ಕೆ ಹದಿನಾಲ್ಕು ಗಂಟೆ ಬಿಡುವು ಸಿಕ್ಕಿದೆ. ಆದರೆ ಮನೆಗೆ ಹೋಗುವ ದುಡ್ಡು ಐದನೇ ಒಂದು ಪಾಲಿಗಿಂತ ಸ್ವಲ್ಪ ಜಾಸ್ತಿಯೇ ಕಡಿಮೆಯಾಗಿದೆ. ಅದನ್ನು ಮುಚ್ಚಿಡುವುದು ಬೇಡ. ಆ 6,600 ಇಲ್ಲದೆ ಮನೆ ನಡೆಯುವುದಿಲ್ಲ ಎಂದಾದರೆ, ಅವರ ತೊಂದರೆ ಸಮಯದ್ದಲ್ಲ, ದರದ್ದು. ಅದಕ್ಕೆ ಕೊನೆಯಲ್ಲಿ ಬರುತ್ತೇನೆ.

ಜಾಸ್ತಿ ಗಂಟೆ, ಅಷ್ಟೇ ಕೆಲಸ

"ಕೂತಷ್ಟು ಹೊತ್ತು ಕೆಲಸ ಆಗುತ್ತದಲ್ಲ" ಎನ್ನುವವರಿಗೆ ಮೊದಲ ಮಹಾಯುದ್ಧದ ಕಾಲದ ಒಂದು ದಾಖಲೆ ತೋರಿಸಬೇಕು. ಆಗ ಬ್ರಿಟನ್ನಿನ ಮದ್ದುಗುಂಡು ಕಾರ್ಖಾನೆಗಳಲ್ಲಿ ಹಗಲು ರಾತ್ರಿ ದುಡಿಸುತ್ತಿದ್ದರು. ಕಾರ್ಮಿಕರ ಆರೋಗ್ಯ ನೋಡಲು 1915ರಲ್ಲಿ ಸರ್ಕಾರ ಒಂದು ಸಮಿತಿ ಮಾಡಿತು. ಆ ಸಮಿತಿಯವರು ಯಾರು ಎಷ್ಟು ಗಂಟೆ ದುಡಿದರು, ಎಷ್ಟು ಮಾಲು ಹೊರಬಂತು ಎಂದು ಬರೆದಿಟ್ಟರು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜಾನ್ ಪೆನ್ಕಾವೆಲ್ ನೂರು ವರ್ಷದ ನಂತರ ಅದೇ ಅಂಕಿಗಳನ್ನು ಮತ್ತೆ ಕೂಡಿ ಕಳೆದು ನೋಡಿದರು. ವಾರಕ್ಕೆ 49 ಗಂಟೆಯ ಆಸುಪಾಸಿನವರೆಗೆ ಗಂಟೆ ಹೆಚ್ಚಿದಷ್ಟೂ ಮಾಲು ಹೆಚ್ಚಿತು. ಆಮೇಲೆ ಒಂದೊಂದು ಗಂಟೆಗೂ ಬರುವ ಮಾಲು ಕುಗ್ಗುತ್ತಾ ಹೋಯಿತು. 70 ಗಂಟೆ ದುಡಿದವರು ತಯಾರಿಸಿದ್ದು 56 ಗಂಟೆ ದುಡಿದವರಿಗಿಂತ ಅಷ್ಟೇನೂ ಜಾಸ್ತಿ ಇರಲಿಲ್ಲ. ವಾರದ ರಜೆ ತೆಗೆದುಹಾಕಿದ ಕಡೆ ಉತ್ಪಾದನೆಗೇ ಪೆಟ್ಟು ಬಿತ್ತು.

ಅದು ಯಂತ್ರದ ಮುಂದಿನ ಕೆಲಸ, ದುಡಿದವರಲ್ಲಿ ಹೆಚ್ಚಿನವರು ಹೆಂಗಸರು, ಕಾಲವೂ ಬೇರೆ. ಆದ್ದರಿಂದ 56 ಎಂಬ ಅಂಕಿಯನ್ನು ಹಾಗೇ ತಂದು ನಮ್ಮ ಮೇಲೆ ಹೇರುವುದು ತಪ್ಪು. ಆದರೆ ಮಾಲೀಕರ ಕೆಲಸ ಯಂತ್ರದ ಮುಂದಿನ ಕೆಲಸಕ್ಕಿಂತ ಸುಲಭ ಅಂತ ಯಾರು ಹೇಳಿದರು? ಮಾಲೀಕರು ದಿನವಿಡೀ ಮಾಡುವುದು ತೀರ್ಮಾನ. ಯಾರಿಗೆ ಉದ್ರಿ ಕೊಡಬೇಕು, ಯಾರಿಗೆ ಬೇಡ, ಎಷ್ಟು ಸರಕು ತರಿಸಬೇಕು, ಯಾವ ದರ ಹೇಳಬೇಕು.

ರಾತ್ರಿ ಹನ್ನೊಂದಕ್ಕೆ ಕೂತು ಒಂದು ಕೊಟೇಷನ್ ಬರೆಯುವುದನ್ನೇ ನೋಡಿ. ಹಳೆಯ ಕೊಟೇಷನ್ ತೆರೆದು ಹೆಸರು ಬದಲಾಯಿಸುತ್ತಾರೆ. ಸರಕಿನ ದರ ಬದಲಾಯಿಸುತ್ತಾರೆ. ಸಾಗಣೆ ಖರ್ಚಿನ ಸಾಲು ಮಾತ್ರ ಹಳೆಯದೇ ಉಳಿದುಬಿಡುತ್ತದೆ. ಹಿಂದಿನ ಗಿರಾಕಿ ಪಕ್ಕದಲ್ಲೇ ಇದ್ದವರು, ಈ ಗಿರಾಕಿ ಬಹಳ ದೂರದವರು. ಕಳಿಸುವ ಗುಂಡಿ ಒತ್ತಿ ಮಲಗುತ್ತಾರೆ. ಬೆಳಿಗ್ಗೆ "ಒಪ್ಪಿಗೆ" ಎಂದು ಉತ್ತರ ಬಂದಿರುತ್ತದೆ. ಆ ಒಂದು ಸಾಲಿನ ತಪ್ಪು ಆ ವಾರ ಕೂತ ಅಷ್ಟೂ ರಾತ್ರಿಗಳ ಗಳಿಕೆಯನ್ನು ತಿಂದುಹಾಕಬಹುದು. ಮತ್ತೆ ಲೆಕ್ಕಪುಸ್ತಕದಲ್ಲಿ ಇದು "ಸುಸ್ತಿನ ಖರ್ಚು" ಎಂದು ಬೀಳುವುದಿಲ್ಲ, "ಸಾಗಣೆ" ಎಂದೇ ಬೀಳುತ್ತದೆ.

ನಿದ್ದೆಗೆಟ್ಟವರ ಇನ್ನೊಂದು ತೊಂದರೆ, ತಮಗೆ ಏನೂ ಆಗಿಲ್ಲ ಎಂದೇ ಅವರು ನಂಬಿರುತ್ತಾರೆ. 2003ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ 48 ಆರೋಗ್ಯವಂತರನ್ನು ಬೇರೆ ಬೇರೆ ಗುಂಪು ಮಾಡಿದ್ದರು. ಕೆಲವರಿಗೆ 14 ದಿನ ರಾತ್ರಿಗೆ ಆರೇ ಗಂಟೆ, ಕೆಲವರಿಗೆ ನಾಲ್ಕೇ ಗಂಟೆ ನಿದ್ದೆ. ಕೊನೆಗೆ ಅವರ ಗಮನ, ಚುರುಕುತನ ಒಂದೆರಡು ರಾತ್ರಿ ಪೂರ್ತಿ ನಿದ್ದೆಗೆಟ್ಟವರ ಮಟ್ಟಕ್ಕೆ ಇಳಿದಿತ್ತು. ಆದರೆ ನಿದ್ದೆ ಬರುತ್ತಿದೆಯಾ ಎಂದು ಕೇಳಿದರೆ, ಸ್ವಲ್ಪ ಅಷ್ಟೇ ಎನ್ನುತ್ತಿದ್ದರು. "ನನಗೆ ಆರು ಗಂಟೆ ನಿದ್ದೆ ಸಾಕು, ಅಭ್ಯಾಸವಾಗಿದೆ" ಎಂಬ ಮಾತು ಕೇಳಿದಾಗೆಲ್ಲ ನನಗೆ ಈ ಪ್ರಯೋಗ ನೆನಪಾಗುತ್ತದೆ. ಅಭ್ಯಾಸವಾಗಿರುವುದು ಸುಸ್ತಿಗೆ.

ದೇಹದ ಲೆಕ್ಕವನ್ನೂ ಹೇಳಿಬಿಡುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಕಾರ್ಮಿಕ ಸಂಸ್ಥೆ ಒಟ್ಟಿಗೆ ಮಾಡಿ 2021ರಲ್ಲಿ ಪ್ರಕಟಿಸಿದ ಅಂದಾಜಿನ ಪ್ರಕಾರ, ವಾರಕ್ಕೆ 55 ಗಂಟೆ ಅಥವಾ ಅದಕ್ಕಿಂತ ಜಾಸ್ತಿ ದುಡಿಯುವವರಿಗೆ, 35ರಿಂದ 40 ಗಂಟೆ ದುಡಿಯುವವರಿಗಿಂತ ಪಾರ್ಶ್ವವಾಯುವಿನ ಅಪಾಯ ಸುಮಾರು 35 ಶೇಕಡಾ ಜಾಸ್ತಿ. ಹೃದಯದ ರಕ್ತನಾಳದ ಕಾಯಿಲೆಯಿಂದ ಸಾಯುವ ಅಪಾಯ 17 ಶೇಕಡಾ ಜಾಸ್ತಿ. 2016ರ ಒಂದೇ ವರ್ಷದಲ್ಲಿ ಹೀಗೆ ಸತ್ತವರು 7 ಲಕ್ಷ 45 ಸಾವಿರ ಜನ ಎಂದು ಅವರ ಲೆಕ್ಕ. 55 ದಾಟಿದ ಕೂಡಲೇ ಏನೋ ಆಗಿಬಿಡುತ್ತದೆ ಎಂದು ಇದರ ಅರ್ಥವಲ್ಲ. ವರ್ಷಗಟ್ಟಲೆ ನಡೆದರೆ ಬೆಲೆ ತೆರಬೇಕಾಗುತ್ತದೆ ಎಂದು ಅರ್ಥ.

ಮೂರು ಥರದ ಗಂಟೆ

ಈಗ ನಿಜವಾದ ಬಿಡಿಸುವ ಕೆಲಸ. ಮಾಲೀಕರ 70 ಗಂಟೆ ಒಂದೇ ಥರದ್ದಲ್ಲ. ಕೈಯಾರೆ ಮಾಡುವ ಗಂಟೆ ಒಂದು. ಯಾರಾದರೂ ಬಂದಾರು ಎಂದು ಕಾಯುವ ಗಂಟೆ ಇನ್ನೊಂದು. ಮನೆಗೆ ಹೋದ ಮೇಲೂ ತಲೆಯೊಳಗೆ ನಡೆಯುವ ಗಂಟೆ ಮೂರನೆಯದು. ಮೂರಕ್ಕೂ ಒಂದೇ ಔಷಧ ಹಚ್ಚಿದರೆ ಯಾವುದೂ ವಾಸಿಯಾಗುವುದಿಲ್ಲ.

ಕಾಯುವ ಗಂಟೆ ಮೊದಲು ತೆಗೆದುಕೊಳ್ಳೋಣ, ಅದು ಸುಲಭ. ವ್ಯಾಪಾರ ಡಲ್ ಇದ್ದ ದಿನ ಬಾಗಿಲು ಹಾಕೋಕೆ ಮನಸ್ಸು ಬರುವುದಿಲ್ಲ. ಇವತ್ತಿನ ಖರ್ಚಾದರೂ ಹುಟ್ಟಲಿ ಎಂದು ಇನ್ನೊಂದು ಗಂಟೆ ಕೂರುತ್ತೇವೆ. ನ್ಯೂಯಾರ್ಕಿನ ಟ್ಯಾಕ್ಸಿ ಚಾಲಕರ ಬಗ್ಗೆ 1997ರಲ್ಲಿ ಪ್ರಕಟವಾದ ಒಂದು ಪ್ರಸಿದ್ಧ ಅಧ್ಯಯನ ಇದನ್ನೇ ಹೇಳಿತು: ಗಿರಾಕಿ ಚೆನ್ನಾಗಿ ಸಿಗುವ ದಿನ ಚಾಲಕರು ಬೇಗ ಮನೆಗೆ ಹೋಗುತ್ತಾರೆ, ಸಿಗದ ದಿನ ಜಾಸ್ತಿ ಹೊತ್ತು ಓಡಿಸುತ್ತಾರೆ, ಯಾಕೆಂದರೆ ದಿನಕ್ಕೆ ಇಷ್ಟು ಎಂಬ ಗುರಿ ತಲೆಯಲ್ಲಿ ಕೂತಿರುತ್ತದೆ. ಹೆನ್ರಿ ಫಾರ್ಬರ್ ಎಂಬ ಅರ್ಥಶಾಸ್ತ್ರಜ್ಞ ಆಮೇಲೆ ಜಾಸ್ತಿ ಅಂಕಿ ತೆಗೆದುಕೊಂಡು ನೋಡಿ ಇದನ್ನು ಒಪ್ಪಲಿಲ್ಲ. ಹೆಚ್ಚಿನ ಚಾಲಕರು ಹಾಗೆ ಮಾಡುವುದಿಲ್ಲ ಎಂದರು. ಜಗಳ ಅವರದ್ದು ಇರಲಿ. ನಿಮ್ಮ ವಿಷಯದಲ್ಲಿ ಯಾವುದು ನಿಜ ಎಂದು ತಿಳಿಯೋಕೆ ಒಂದು ತಿಂಗಳ ಬಿಲ್ಲುಗಳು ಸಾಕು.

ಬಿಲ್ಲುಗಳನ್ನು ಗಂಟೆಯ ಲೆಕ್ಕದಲ್ಲಿ ವಿಂಗಡಿಸಿ. ಕೊನೆಯ ಒಂದೂವರೆ ಗಂಟೆಯಲ್ಲಿ ಎಷ್ಟು ಬಂತು ನೋಡಿ. ಬಂದದ್ದರಲ್ಲಿ ಸರಕಿನ ದುಡ್ಡು ಕಳೆದು ಲಾಭದ ಪಾಲು ಮಾತ್ರ ಹಿಡಿಯಿರಿ. ಇಲ್ಲೊಂದು ಸೂಕ್ಷ್ಮ ಇದೆ. ಆ ಹೊತ್ತಿನಲ್ಲಿ ಬರುವ ಗಿರಾಕಿಗಳೆಲ್ಲ ಬಾಗಿಲು ಬೇಗ ಹಾಕಿದರೆ ತಪ್ಪಿಹೋಗುವುದಿಲ್ಲ. ಕೆಲವರು ಅರ್ಧ ಗಂಟೆ ಮುಂಚೆ ಬರುತ್ತಾರೆ. ಯಾವಾಗಲೂ ತೆರೆದಿರುತ್ತೀರಿ ಎಂದು ಗೊತ್ತಿದ್ದರಿಂದಲೇ ಅವರು ತಡವಾಗಿ ಬರುತ್ತಿದ್ದರು. ಎಷ್ಟು ಜನ ಹಾಗೆ ಎಂದು ಕೂತಲ್ಲೇ ಹೇಳೋಕಾಗುವುದಿಲ್ಲ. ವಾರದಲ್ಲಿ ಎರಡು ದಿನ ಮಾತ್ರ ಬೇಗ ಹಾಕಿ, ಅದನ್ನು ಬಾಗಿಲ ಮೇಲೂ ಫೋನಿನಲ್ಲೂ ಹೇಳಿ, ಆರು ವಾರ ನೋಡಬೇಕು. ಮೊದಲ ವಾರದ ಗೊಣಗಾಟಕ್ಕೆ ಹೆದರಬಾರದು.

ತಲೆಯೊಳಗಿನ ಗಂಟೆ ಇದಕ್ಕಿಂತ ಕಷ್ಟದ್ದು. ಮನೆಯಲ್ಲಿ ಕೂತಿರುತ್ತಾರೆ, ಮಗು ಏನೋ ಹೇಳುತ್ತಿರುತ್ತದೆ, ಹೂಂ ಎನ್ನುತ್ತಾರೆ, ಒಳಗೆ ಮಾತ್ರ ನಾಳೆ ಕಟ್ಟಬೇಕಾದ ಕಂತು ಓಡುತ್ತಿರುತ್ತದೆ. ಇದು ಕೆಲಸವೂ ಅಲ್ಲ, ವಿಶ್ರಾಂತಿಯೂ ಅಲ್ಲ. ಸಬೀನೆ ಸೊನ್ನೆನ್ಟಾಗ್ ಎಂಬ ಜರ್ಮನ್ ಮನೋವಿಜ್ಞಾನಿ ವರ್ಷಗಳಿಂದ ಈ ವಿಷಯವನ್ನೇ ಅಧ್ಯಯನ ಮಾಡುತ್ತಿದ್ದಾರೆ. ದೇಹ ಕೆಲಸದ ಜಾಗ ಬಿಟ್ಟು ಬಂದರೆ ಸಾಲದು, ಮನಸ್ಸೂ ಬಿಟ್ಟು ಬಂದಾಗಲೇ ದಣಿವು ಆರುತ್ತದೆ ಎಂಬುದು ಅವರ ಅಧ್ಯಯನಗಳ ಸಾರ. ಫೋನು ಇದನ್ನು ಹಾಳುಮಾಡುವುದು ದೊಡ್ಡ ಕೆಲಸ ತಂದುಕೊಟ್ಟಲ್ಲ. ಎರಡು ನಿಮಿಷದ ಮೆಸೇಜಿಗೆ ಉತ್ತರ ಕೊಟ್ಟು ಫೋನು ಕೆಳಗಿಟ್ಟರೂ ಗಮನದ ಒಂದು ಪಾಲು ಅಲ್ಲೇ ಅಂಟಿಕೊಂಡಿರುತ್ತದೆ. ಸೋಫಿ ಲೆರಾಯ್ ಎಂಬ ಸಂಶೋಧಕಿ ಇದನ್ನು 2009ರಲ್ಲಿ ಪ್ರಯೋಗ ಮಾಡಿ ತೋರಿಸಿದರು. ಮುಗಿಯದ ಕೆಲಸವನ್ನು ಅರ್ಧಕ್ಕೇ ಬಿಟ್ಟು ಬೇರೆ ಕೆಲಸಕ್ಕೆ ಹೋದರೆ, ಆ ಬೇರೆ ಕೆಲಸ ಕೆಡುತ್ತದೆ.

"ವ್ಯಾಪಾರದ ಚಿಂತೆ ಬಿಟ್ಟುಬಿಡಿ" ಎನ್ನುವುದು ಸುಮ್ನೆ ಮಾತು. ಬಿಡು ಎಂದರೆ ಬಿಡುವ ಚಿಂತೆ ಯಾವುದಿದೆ? ಆದರೆ ಒಂದು ಉಪಾಯಕ್ಕೆ ಸ್ವಲ್ಪ ಆಧಾರವಿದೆ. ಮುಗಿಯದ ಕೆಲಸ ಮನಸ್ಸಿಗೆ ಮತ್ತೆ ಮತ್ತೆ ಬರುತ್ತಿದ್ದರೆ, ಅದನ್ನು ಮುಗಿಸಬೇಕಾಗಿಯೇ ಇಲ್ಲ. ಯಾವಾಗ, ಎಲ್ಲಿ, ಹೇಗೆ ಮಾಡುತ್ತೇನೆ ಎಂದು ಖಚಿತವಾಗಿ ಗೊತ್ತುಮಾಡಿಕೊಂಡರೂ ಕಾಟ ಕಡಿಮೆಯಾಗುತ್ತದೆ ಎಂದು 2011ರ ಒಂದು ಅಧ್ಯಯನ ತೋರಿಸಿತು. ಅಮೆರಿಕದ ಬೇಲರ್ ವಿಶ್ವವಿದ್ಯಾಲಯದಲ್ಲಿ 57 ಜನರ ಮೇಲೆ ಮಾಡಿ 2018ರಲ್ಲಿ ಪ್ರಕಟಿಸಿದ ಪ್ರಯೋಗವೂ ಅದೇ ದಿಕ್ಕಿನದು. ಮಲಗುವ ಮುಂಚೆ ಐದು ನಿಮಿಷ ಮುಂದಿನ ಕೆಲಸಗಳ ಪಟ್ಟಿ ಬರೆದವರಿಗೆ, ಮುಗಿಸಿದ ಕೆಲಸಗಳ ಬಗ್ಗೆ ಬರೆದವರಿಗಿಂತ ಸುಮಾರು ಒಂಬತ್ತು ನಿಮಿಷ ಬೇಗ ನಿದ್ದೆ ಹತ್ತಿತು. ಚಿಕ್ಕ ಪ್ರಯೋಗ, ಅದ್ಭುತವೇನೂ ಅಲ್ಲ. ಆದರೆ ಖರ್ಚಿಲ್ಲ.

ಬರೆಯುವ ರೀತಿ ಮುಖ್ಯ. "ಬಾಕಿ ವಸೂಲಿ" ಎಂದು ಬರೆದರೆ ತಲೆ ಬಿಡುವುದಿಲ್ಲ, ಅದೊಂದು ಬೆಟ್ಟ. "ನಾಳೆ ಹತ್ತೂವರೆಗೆ, ಮೂರು ತಿಂಗಳ ಬಾಕಿ ಇರುವ ಆ ಗಿರಾಕಿಗೆ ಫೋನ್, ಅರ್ಧವಾದರೂ ಈ ವಾರ ಕೇಳುವುದು" ಎಂದು ಬರೆದರೆ ಬಿಡುತ್ತದೆ. ಬೆಳಿಗ್ಗೆ ಎದ್ದು ಯೋಚಿಸಬೇಕಾದದ್ದು ಏನೂ ಉಳಿದಿರಬಾರದು, ಮಾಡಬೇಕಾದದ್ದು ಮಾತ್ರ ಉಳಿದಿರಬೇಕು.

ಯಾಕೆ ಎಲ್ಲವೂ ಒಟ್ಟಿಗೇ ಮೈಮೇಲೆ ಬೀಳುತ್ತದೆ

ಇನ್ನು ಕೈಯಾರೆ ಮಾಡುವ ಕೆಲಸ. ಇಲ್ಲಿ ಒಂದು ಸಣ್ಣ ಗಣಿತ ಇದೆ, ನನಗೆ ಬಹಳ ಇಷ್ಟವಾದದ್ದು. ಡೆನ್ಮಾರ್ಕಿನ ಎರ್ಲಾಂಗ್ ಎಂಬ ಎಂಜಿನಿಯರ್ 1909ರಲ್ಲಿ ಟೆಲಿಫೋನ್ ಕರೆಗಳ ಬಗ್ಗೆ ಬರೆದ ಲೇಖನದಿಂದ ಶುರುವಾದ ಶಾಸ್ತ್ರ ಇದು. ಕೆಲಸ ಮಾಡುವವರು ಒಬ್ಬರೇ. ಕೆಲಸಗಳು ಹೇಳದೆ ಕೇಳದೆ ಬರುತ್ತವೆ, ಒಂದೊಂದಕ್ಕೂ ಹಿಡಿಯುವ ಹೊತ್ತು ಬೇರೆ ಬೇರೆ. ಆ ಒಬ್ಬರ ಸಮಯದಲ್ಲಿ ಅರ್ಧ ಮಾತ್ರ ತುಂಬಿದ್ದರೆ, ಹೊಸದಾಗಿ ಬಂದ ಕೆಲಸ ಸರಾಸರಿ ಒಂದು ಕೆಲಸದಷ್ಟು ಹೊತ್ತು ಕಾಯಬೇಕು. 80 ಶೇಕಡಾ ತುಂಬಿದ್ದರೆ ನಾಲ್ಕು ಕೆಲಸದಷ್ಟು ಹೊತ್ತು. 90 ಆದರೆ ಒಂಬತ್ತು. 95 ಆದರೆ ಹತ್ತೊಂಬತ್ತು!

ನೋಡಿ, 80ರಿಂದ 95ಕ್ಕೆ ಹೋದಾಗ ಕೆಲಸ ಹೆಚ್ಚಿದ್ದು ಐದನೇ ಒಂದು ಪಾಲಿಗಿಂತಲೂ ಕಡಿಮೆ. ಕಾಯುವಿಕೆ ಸುಮಾರು ಐದು ಪಟ್ಟಾಯಿತು. ಅದಕ್ಕೇ ಪ್ರತಿ ನಿಮಿಷವನ್ನೂ ತುಂಬಿಕೊಂಡ ಮಾಲೀಕರಿಗೆ ಎಲ್ಲವೂ ತಡ, ಎಲ್ಲರೂ ಸಿಟ್ಟು, ಎಲ್ಲವೂ ಅರ್ಜೆಂಟು. ಆಮೇಲೆ ಸಿಟ್ಟಾದವರಿಗೆ ಸಮಾಧಾನ ಹೇಳುವುದೇ ಒಂದು ಕೆಲಸ. ಗಿರಾಕಿ ಫೋನ್ ಮಾಡಿ "ಎಲ್ಲಿಗೆ ಬಂತು" ಎನ್ನುತ್ತಾರೆ, ನೀವು ಹುಡುಕಿ ಉತ್ತರ ಹೇಳುತ್ತೀರಿ, ಅಷ್ಟರಲ್ಲಿ ಇನ್ನೊಂದು ತಡವಾಗುತ್ತದೆ. ತಡವೇ ಹೊಸ ಕೆಲಸ ಹುಟ್ಟಿಸುತ್ತದೆ. ದಿನದಲ್ಲಿ ಒಂದಿಷ್ಟು ಹೊತ್ತು ಖಾಲಿ ಬಿಡುವುದು ಆಲಸ್ಯ ಅನ್ನಿಸಬಹುದು, ಆದರೆ ಮಾತು ಕೊಟ್ಟ ದಿನಕ್ಕೆ ಕೆಲಸ ಮುಗಿಯಬೇಕಾದರೆ ಅದು ಬೇಕೇ ಬೇಕು.

ಖಾಲಿ ಎಲ್ಲಿಂದ ತರುವುದು? ಇಲ್ಲೇ ನಮ್ಮ ಗಾದೆ ಅಡ್ಡ ಬರುತ್ತದೆ. ತಾನು ಮಾಡುವುದು ಉತ್ತಮ, ಮಗ ಮಾಡುವುದು ಮಧ್ಯಮ, ಆಳು ಮಾಡುವುದು ಹಾಳು. ಮಾಲೀಕರು ಇದನ್ನು ಬಾಯಲ್ಲಿ ಹೇಳದಿದ್ದರೂ ನಡೆಯುವುದು ಇದರ ಪ್ರಕಾರವೇ. ನಾನು ಮಾಡಿದರೆ ಹತ್ತು ನಿಮಿಷ, ಅವನಿಗೆ ಹೇಳಿಕೊಡೋಕೆ ಒಂದು ಗಂಟೆ ಬೇಕು, ಅದಕ್ಕೆ ನಾನೇ ಮಾಡಿಬಿಡುತ್ತೇನೆ. ಇವತ್ತಿನ ಮಟ್ಟಿಗೆ ಈ ಲೆಕ್ಕ ಸರಿ. ಆದರೆ ಆ ಹತ್ತು ನಿಮಿಷದ ಕೆಲಸ ದಿನವೂ ಬರುವುದಾದರೆ, ಹೇಳಿಕೊಟ್ಟ ಗಂಟೆ ಆರನೇ ದಿನಕ್ಕೆ ವಾಪಸ್ ಬರುತ್ತದೆ. ಅವನು ಎರಡು ಸಲ ತಪ್ಪು ಮಾಡಿದ, ನೀವು ಸರಿಪಡಿಸಿದಿರಿ ಎಂದರೂ ತಿಂಗಳೊಳಗೆ ಬರುತ್ತದೆ.

ಯಾವ ಕೆಲಸ ಮೊದಲು ಕೊಡಬೇಕು? ಕಷ್ಟದ್ದನ್ನಲ್ಲ. ಪದೇ ಪದೇ ಬರುವುದು, ತಪ್ಪಾದರೂ ನಷ್ಟ ಸಣ್ಣದು, ಅಂಥದ್ದು. ಮತ್ತೆ, ಕೆಲಸ ಕೊಟ್ಟು ತೀರ್ಮಾನವನ್ನು ನೀವೇ ಇಟ್ಟುಕೊಂಡರೆ ಏನೂ ಉಳಿಯುವುದಿಲ್ಲ. ಕೆಲಸದವರು ದಿನಕ್ಕೆ ಇಪ್ಪತ್ತು ಸಲ ಬಂದು ಕೇಳುತ್ತಾರೆ: ಈ ಸರಕು ವಾಪಸ್ ತಗೊಳ್ಳಲಾ, ಇವರಿಗೆ ಸ್ವಲ್ಪ ಕಡಿಮೆ ಮಾಡಲಾ. ಒಂದು ವಾರ ಆ ಪ್ರಶ್ನೆಗಳನ್ನೆಲ್ಲ ಒಂದು ಪುಸ್ತಕದಲ್ಲಿ ಬರೆದುಕೊಳ್ಳಿ. ಅವುಗಳಲ್ಲಿ ಹೆಚ್ಚಿನವು ನಾಲ್ಕೈದು ಥರಕ್ಕೆ ಬಂದು ನಿಲ್ಲುತ್ತವೆ. ಒಂದೊಂದಕ್ಕೂ ಒಂದು ಸಾಲಿನ ನಿಯಮ ಬರೆಯಿರಿ. ಉದಾಹರಣೆಗೆ, "ಬಿಲ್ ಇದ್ದರೆ, ಏಳು ದಿನದೊಳಗಾದರೆ, ಈ ಮೊತ್ತದವರೆಗೆ ಕೇಳದೆ ವಾಪಸ್ ತಗೊಳ್ಳಿ. ಅದಕ್ಕಿಂತ ಜಾಸ್ತಿ ಆದರೆ ಮಾತ್ರ ಕೇಳಿ." ಆಮೇಲೆ ಅವರು ನಿಯಮದ ಪ್ರಕಾರ ನಡೆದು ನಷ್ಟವಾದರೆ ಅವರನ್ನು ಬೈಯಬಾರದು, ನಿಯಮ ತಿದ್ದಬೇಕು. ಒಂದೇ ಒಂದು ಸಲ ಬೈದರೂ ಮಾರನೇ ದಿನದಿಂದ ಮತ್ತೆ ಇಪ್ಪತ್ತು ಪ್ರಶ್ನೆ.

ಮನೆಯವರ ವಿಷಯ ಇಲ್ಲೇ ಸೇರಿಸುತ್ತೇನೆ. ಸಣ್ಣ ವ್ಯಾಪಾರಗಳಲ್ಲಿ ಮಾಲೀಕರ ಗಂಟೆಯಷ್ಟೇ ಪುಕ್ಕಟೆ ಅವರ ಗಂಡ ಅಥವಾ ಹೆಂಡತಿಯ ಗಂಟೆ. ಲೆಕ್ಕ ಬರೆಯುವುದು, ಗಲ್ಲಾದಲ್ಲಿ ಕೂರುವುದು, ಮಾಲೀಕರು ತಡವಾಗಿ ಬಂದಾಗಲೆಲ್ಲ ಮನೆಯನ್ನು ಒಬ್ಬರೇ ಎಳೆಯುವುದು. "ವ್ಯಾಪಾರಕ್ಕೆ ನಾನು ವಾರಕ್ಕೆ 70 ಗಂಟೆ ಕೊಡುತ್ತೇನೆ" ಎನ್ನುವ ಮಾತಿನ ಹಿಂದೆ ಇನ್ನೊಬ್ಬರ 30 ಗಂಟೆ ಇರಬಹುದು. ಗಂಟೆಯ ಲೆಕ್ಕ ಹಾಕುವಾಗ ಅದನ್ನೂ ಹಾಕಿ. ಅಂಕಿ ನೋಡಿ ಬೇಸರವಾದರೂ ಹಾಕಿ.

ಸೀಸನ್ನಿನಲ್ಲಿ, ಶುರುವಿನ ವರ್ಷದಲ್ಲಿ, ಸಾಲ ತಲೆಮೇಲೆ ಇದ್ದಾಗ ಜಾಸ್ತಿ ದುಡಿಯಬೇಕಾಗುತ್ತದೆ, ಅದರಲ್ಲಿ ತಪ್ಪೇನಿಲ್ಲ. ಅದಕ್ಕೆ ಕೊನೆಯ ತಾರೀಖು ಇದ್ದರೆ ಸಾಕು. ಇಂಥ ತಿಂಗಳವರೆಗೆ ಎಂದು ಮನೆಯಲ್ಲಿ ಹೇಳಿ, ಕ್ಯಾಲೆಂಡರಿನಲ್ಲಿ ಬರೆದು, ಆ ದಿನ ಬಂದಾಗ ಕೂತು ಲೆಕ್ಕ ನೋಡಬೇಕು. ತಾರೀಖಿಲ್ಲದ "ಸ್ವಲ್ಪ ದಿನ" ಹತ್ತು ವರ್ಷವೂ ಆಗುತ್ತದೆ.

ದರದ ಮಾತು

ಮೇಲೆ ಹೇಳಿದ್ದೆಲ್ಲ ಮಾಡಿಯೂ ಕೆಲವರಿಗೆ ಗಂಟೆ ಇಳಿಯುವುದಿಲ್ಲ. ಅವರ ದರವೇ ಅಷ್ಟು ಕಡಿಮೆ ಇರುತ್ತದೆ. ದರ ಏರಿಸಿದರೆ ಗಿರಾಕಿ ಓಡಿಹೋಗುತ್ತಾರೆ ಎಂಬ ಭಯ ಸಹಜ. ಆದರೆ ಎಷ್ಟು ಜನ ಓಡಿಹೋದರೆ ನಷ್ಟ ಎಂದು ಲೆಕ್ಕ ಹಾಕಿದವರು ಕಡಿಮೆ.

100ಕ್ಕೆ ಮಾರುವ ವಸ್ತು, ಅದರ ಅಸಲು 70. ತಿಂಗಳಿಗೆ 100 ಮಾರಿದರೆ ಉಳಿಯುವುದು 3,000. ದರವನ್ನು 110 ಮಾಡಿ. ಈಗ ಒಂದಕ್ಕೆ 40 ಉಳಿಯುತ್ತದೆ. 75 ಮಾರಿದರೂ 3,000 ಬಂತು. ಅಂದರೆ ಹತ್ತು ಶೇಕಡಾ ಏರಿಸಿ, ಕಾಲು ಭಾಗ ಗಿರಾಕಿ ಹೋದರೂ ಅಷ್ಟೇ ದುಡ್ಡು, ಕೆಲಸ ಮಾತ್ರ ಕಾಲು ಭಾಗ ಕಡಿಮೆ. ಮೇಲಿನ ಗಣಿತ ನೆನಪಿದ್ದರೆ, 95 ಶೇಕಡಾ ತುಂಬಿದ್ದ ದಿನ 71ಕ್ಕೆ ಇಳಿಯಿತು. ಹತ್ತೊಂಬತ್ತು ಇದ್ದ ಕಾಯುವಿಕೆ ಎರಡೂವರೆಗೆ ಬಂತು. ಲಾಭದ ಪಾಲು ಇದಕ್ಕಿಂತ ದೊಡ್ಡದಿದ್ದರೆ ಇಷ್ಟು ಜನರನ್ನು ಕಳೆದುಕೊಳ್ಳುವ ಹಾಗಿಲ್ಲ. 50 ಶೇಕಡಾ ಲಾಭದವರಿಗೆ ಆರನೇ ಒಂದು ಪಾಲು ಗಿರಾಕಿ ಹೋದರೆ ಸರಿಸಮ, ಅದಕ್ಕಿಂತ ಜಾಸ್ತಿ ಹೋದರೆ ನಷ್ಟ. ಪಕ್ಕದಲ್ಲೇ ಅದೇ ಸರಕನ್ನು ಅದೇ ದರಕ್ಕೆ ಮಾರುವವರು ಇದ್ದರೆ ಕಾಲು ಭಾಗಕ್ಕಿಂತ ಜಾಸ್ತಿಯೇ ಹೋಗಬಹುದು. ಹಾಗಾಗಿ ಇದು ಎಲ್ಲರಿಗೂ ಒಗ್ಗುವುದಿಲ್ಲ. ಕೈಕೆಲಸ, ರಿಪೇರಿ, ಸೇವೆ, ಆರ್ಡರಿನ ಮೇಲೆ ತಯಾರಿಸುವವರಿಗೆ ಜಾಸ್ತಿ ಒಗ್ಗುತ್ತದೆ.

ಎಲ್ಲರಿಗೂ ಒಂದೇ ದಿನ ಏರಿಸಬೇಕಾಗಿಲ್ಲ. ಹೊಸದಾಗಿ ಬರುವವರಿಗೆ ಮೊದಲು ಹೊಸ ದರ ಹೇಳಿ. ಹತ್ತು ಜನರಲ್ಲಿ ಎಷ್ಟು ಜನ ಒಪ್ಪಿದರು ಎಂದು ಬರೆದಿಡಿ. ಎಂಟು ಒಂಬತ್ತು ಜನ ಮರುಮಾತಿಲ್ಲದೆ ಒಪ್ಪುತ್ತಿದ್ದರೆ ದರ ಇನ್ನೂ ಕಡಿಮೆಯೇ ಇದೆ. ಹಳೆಯ ಗಿರಾಕಿಗಳಿಗೆ ಒಂದು ತಿಂಗಳು ಮುಂಚೆ ತಿಳಿಸಿ, ಕೈಯಲ್ಲಿರುವ ಆರ್ಡರುಗಳನ್ನು ಹಳೆಯ ದರದಲ್ಲೇ ಮುಗಿಸಿಕೊಡಿ. ರಾತ್ರಿ ಹತ್ತಕ್ಕೆ ಫೋನ್ ಮಾಡಿ ಇವತ್ತೇ ಬೇಕು ಎನ್ನುವವರಿಗೆ ಬೇರೆಯೇ ದರ ಇಡಿ, ಅದನ್ನು ಬಿಲ್ಲಿನಲ್ಲಿ ಬೇರೆ ಸಾಲಾಗಿ ತೋರಿಸಿ.